ಸೈಟ್‌ಗೆ ಜನ ಬರ್ತಾರೆ, ಕೊಳ್ಳೋದಿಲ್ಲ: ರಿವ್ಯೂ, ಬ್ಯಾಡ್ಜ್ ಎಲ್ಲಿ, ಹೇಗೆ ಹಾಕಬೇಕು?

ಪ್ರಶ್ನೆ: ಬ್ಯಾಡಗಿ ಮೆಣಸಿನಪುಡಿ ಮಾರುವ ಸೈಟ್ ನಮ್ಮದು. ತಿಂಗಳಿಗೆ ಸುಮಾರು 4,000 ಜನ ಬರ್ತಾರೆ, ಆರ್ಡರ್ 30 ದಾಟೋದಿಲ್ಲ. ಹೋಮ್ ಪೇಜ್‌ನಲ್ಲಿ ‘100% ಶುದ್ಧ’, ‘ಎಫ್‌ಎಸ್‌ಎಸ್‌ಎಐ ಅಪ್ರೂವ್ಡ್’, ‘ಸಾವಿರಾರು ಗ್ರಾಹಕರ ಮೆಚ್ಚುಗೆ’ ಬ್ಯಾಡ್ಜ್‌ಗಳಿವೆ. ‘ಈಗ 23 ಜನ ನೋಡುತ್ತಿದ್ದಾರೆ’ ಅಂತ ತೋರಿಸುವ ಪ್ಲಗಿನ್ ಕೂಡ ಹಾಕಬೇಕೆಂದಿದ್ದೇವೆ. ಪ್ರಯೋಜನ ಆಗುತ್ತಾ?

ಉತ್ತರ: ಪ್ಲಗಿನ್ ಬೇಡವೇ ಬೇಡ. ನಿಮ್ಮ ಲೆಕ್ಕದಲ್ಲಿ ದಿನಕ್ಕೆ 130 ಜನ ಬರ್ತಾರೆ. ಒಂದೇ ಗಳಿಗೆಯಲ್ಲಿ 23 ಜನ ಇರಲು ಸಾಧ್ಯವಿಲ್ಲ, ಅಂದರೆ ಆ ಅಂಕಿ ಸುಳ್ಳು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ಸೈಟ್ ವಿನ್ಯಾಸ) ಮಾರ್ಗಸೂಚಿಯಲ್ಲಿ 13 ಬಗೆಯ ಮೋಸಗಳ ಪಟ್ಟಿಯಿದೆ. ಇಲ್ಲದ ಜನಪ್ರಿಯತೆ ತೋರಿಸುವುದೂ ಅದರಲ್ಲಿ ಬರುತ್ತದೆ.

ಇನ್ನು ಬ್ಯಾಡ್ಜ್‌ಗಳು. ಮೆಣಸಿನಪುಡಿ ಕೊಳ್ಳುವವರ ಮೊದಲ ಅನುಮಾನ ಒಂದೇ: ಈ ಕೆಂಪು ಕಾಯಿಯದೋ, ಬೆರೆಸಿದ ಬಣ್ಣದ್ದೋ? ‘100% ಶುದ್ಧ’ ಅಂತ ಎಲ್ಲರೂ ಬರೆದುಕೊಳ್ಳುವುದರಿಂದ ಆ ಅನುಮಾನ ಹಾಗೇ ಉಳಿಯುತ್ತದೆ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಪುಡಿ ಪರೀಕ್ಷೆ ಮಾಡಿಸಿ. ‘ಸುಡಾನ್ ಬಣ್ಣ (ಆಹಾರಕ್ಕೆ ನಿಷಿದ್ಧವಾದ ಕೃತಕ ಕೆಂಪು ಬಣ್ಣ) ಪತ್ತೆಯಾಗಿಲ್ಲ’ ಎಂಬ ಸಾಲು, ಬ್ಯಾಚ್ ನಂಬರ್, ತಾರೀಖು ಕಾಣುವ ವರದಿಯ ಫೋಟೋವನ್ನು ಉತ್ಪನ್ನದ ಪುಟದಲ್ಲಿ, ಬೆಲೆಯ ಕೆಳಗೇ ಹಾಕಿ. ಪ್ಯಾಕೆಟ್ ಮೇಲಿನ ಬ್ಯಾಚ್ ನಂಬರಿಗೂ ಅದಕ್ಕೂ ತಾಳೆ ಆಗಬೇಕು. ಎರಡು ವರ್ಷ ಹಳೆಯ ವರದಿ ಇಟ್ಟರೆ ಇದ್ದ ನಂಬಿಕೆಯೂ ಹೋಗುತ್ತದೆ.

‘ಎಫ್‌ಎಸ್‌ಎಸ್‌ಎಐ ಅಪ್ರೂವ್ಡ್’ ತೆಗೆದುಬಿಡಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಆ ಕೇಂದ್ರ ಪ್ರಾಧಿಕಾರ ಕೊಡುವುದು ವ್ಯಾಪಾರಕ್ಕೆ ಪರವಾನಗಿ, ನಿಮ್ಮ ಪುಡಿಯ ಗುಣಕ್ಕೆ ಪ್ರಮಾಣಪತ್ರ ಅಲ್ಲ. 14 ಅಂಕಿಯ ಲೈಸೆನ್ಸ್ ನಂಬರನ್ನೇ ಹಾಕಿ, ಬೇಕಾದವರು ಪರಿಶೀಲಿಸಿಕೊಳ್ಳುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಇದೆ ನಿಜ, ಆದರೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಕಾಯಿ ಕೊಂಡ ಮಾತ್ರಕ್ಕೆ ಜಿಐ ಲೋಗೋ ಹಾಕುವ ಹಕ್ಕು ಬರುವುದಿಲ್ಲ. ಅದಕ್ಕೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು.

ಹಣ ಕಟ್ಟುವ ಪುಟದಲ್ಲಿ ಅನುಮಾನ ಬೇರೆ: ದುಡ್ಡು ಕಟ್ಟಿದ ಮೇಲೆ ಮಾಲು ಬರದಿದ್ದರೆ? ಅಲ್ಲಿ ಬಟನ್ನಿನ ಪಕ್ಕ ಫೋನ್ ನಂಬರ್, ಊರಿನ ವಿಳಾಸ, ಎಷ್ಟು ದಿನಕ್ಕೆ ತಲುಪುತ್ತದೆ, ಹಣ ವಾಪಸಿನ ಷರತ್ತು ಒಂದು ಸಾಲು, ಇಷ್ಟು ಸಾಕು.

ಮರುಪ್ರಶ್ನೆ: ಸದ್ಯ ಇರೋದು 11 ರಿವ್ಯೂ. ಅದರಲ್ಲೊಂದು 2 ಸ್ಟಾರ್: ‘ಬಣ್ಣ ಚೆನ್ನಾಗಿದೆ, ಖಾರವೇ ಇಲ್ಲ’. ಅಳಿಸಬಹುದಾ?

ಉತ್ತರ: ದಯವಿಟ್ಟು ಅಳಿಸಬೇಡಿ, ನಿಮ್ಮ ಪುಟದಲ್ಲಿ ಇದಕ್ಕಿಂತ ಬೆಲೆಬಾಳುವ ಸಾಲು ಇರಲಾರದು. ಬ್ಯಾಡಗಿಯ ಗುಣವೇ ಅದು, ಬಣ್ಣ ಜಾಸ್ತಿ, ಖಾರ ಕಮ್ಮಿ. ಗೊತ್ತಿರುವವರು ಇದನ್ನು ಓದಿ ‘ಹಾಗಾದರೆ ಇದು ಅಸಲಿ’ ಅಂದುಕೊಳ್ಳುತ್ತಾರೆ. ಕೆಳಗೆ ಉತ್ತರ ಬರೆಯಿರಿ: ‘ಬ್ಯಾಡಗಿ ಖಾರಕ್ಕಲ್ಲ, ಬಣ್ಣಕ್ಕೆ. ಖಾರ ಬೇಕಿದ್ದರೆ ಮೂರು ಪಾಲು ಇದಕ್ಕೆ ಒಂದು ಪಾಲು ಗುಂಟೂರು ಬೆರೆಸಿ.’ ಖಾರ ಹುಡುಕುವವರು ತಪ್ಪಿ ಕೊಂಡು ಬೈಯುವುದೂ ತಪ್ಪುತ್ತದೆ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗಲ್ ಸಂಶೋಧನಾ ಕೇಂದ್ರ ಲೆಕ್ಕ ಹಾಕಿದಂತೆ, ಕೊಳ್ಳುವ ಸಾಧ್ಯತೆ ಅತಿ ಹೆಚ್ಚಿರುವುದು ಸ್ಟಾರ್‌ಗಳ ಸರಾಸರಿ 4.0ರಿಂದ 4.7ರ ನಡುವೆ. 5.0 ಹತ್ತಿರವಾದಂತೆ ಇಳಿಯುತ್ತದೆ. ಮೊದಲ ಐದು ರಿವ್ಯೂಗಳದ್ದೇ ದೊಡ್ಡ ಪರಿಣಾಮ ಅನ್ನುವುದೂ ಅದರಲ್ಲೇ ಕಂಡಿದ್ದು. ಹಾಗಾಗಿ 11 ಕಮ್ಮಿಯೇನಲ್ಲ. ‘ಸಾವಿರಾರು ಗ್ರಾಹಕರು’ ತೆಗೆದು ‘11 ವಿಮರ್ಶೆ’ ಅಂತಲೇ ಹಾಕಿ. ದೊಡ್ಡ ಮಾತಿನ ಕೆಳಗೆ ಹನ್ನೊಂದೇ ಕಂಡರೆ ಎರಡೂ ಸುಳ್ಳು ಅನಿಸುತ್ತದೆ.

ರಿವ್ಯೂ ಕೇಳುವ ಹೊತ್ತೂ ಮುಖ್ಯ. ಪಾರ್ಸೆಲ್ ತಲುಪಿದ ದಿನವೇ ಕೇಳಿದರೆ ‘ಪ್ಯಾಕಿಂಗ್ ಚೆನ್ನಾಗಿದೆ’ ಅಂತ ಬರುತ್ತದೆ. 10–12 ದಿನ ಬಿಡಿ, ಎರಡು ಮೂರು ಸಲ ಅಡುಗೆ ಆಗಲಿ. ಆಮೇಲೆ ವಾಟ್ಸಾಪ್‌ನಲ್ಲಿ ‘ಯಾವ ಅಡುಗೆಗೆ ಹಾಕಿದಿರಿ? ಬಣ್ಣ ಹೇಗೆ ಬಂತು?’ ಅಂತ ಕೇಳಿ. ಎಲ್ಲರನ್ನೂ ಕೇಳಿ, ಮೆಚ್ಚಿದವರನ್ನು ಮಾತ್ರ ಆರಿಸಬೇಡಿ. ಕಾಗುಣಿತ ತಿದ್ದಬೇಡಿ, ಕನ್ನಡದಲ್ಲಿ ಬಂದದ್ದು ಕನ್ನಡದಲ್ಲೇ ಇರಲಿ. ಆನ್‌ಲೈನ್ ರಿವ್ಯೂಗಳಿಗೆಂದೇ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ, ಒಮ್ಮೆ ಓದಿಕೊಳ್ಳಿ.

ಇನ್ನೊಬ್ಬ ಸದಸ್ಯರ ಸೇರ್ಪಡೆ: ಯಾರು ಮೆಚ್ಚಿದರು ಅನ್ನುವುದು ಎಷ್ಟು ಜನ ಅನ್ನುವಷ್ಟೇ ಮುಖ್ಯ. ಹೋಟೆಲ್ ಕೋಣೆಗಳಲ್ಲಿ ಟವೆಲ್ ಮರುಬಳಕೆ ಬಗ್ಗೆ ಸಂಶೋಧಕರಾದ ಗೋಲ್ಡ್‌ಸ್ಟೀನ್, ಚಾಲ್ಡೀನಿ ಮತ್ತಿತರರು ಮಾಡಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ‘ಹೋಟೆಲಿನ ಅತಿಥಿಗಳು ಹೆಚ್ಚಿನವರು ಟವೆಲ್ ಮತ್ತೆ ಬಳಸುತ್ತಾರೆ’ ಅನ್ನುವುದಕ್ಕಿಂತ ‘ಇದೇ ಕೋಣೆಯಲ್ಲಿ ತಂಗಿದ್ದವರು ಹೆಚ್ಚಿನವರು ಮತ್ತೆ ಬಳಸಿದ್ದಾರೆ’ ಅನ್ನುವ ಚೀಟಿ ಹೆಚ್ಚು ಕೆಲಸ ಮಾಡಿತು. ಒಪ್ಪಿಗೆ ಪಡೆದು ರಿವ್ಯೂ ಪಕ್ಕ ಊರು, ಅಡುಗೆ ಬರೆಯಿರಿ: ‘ದಾವಣಗೆರೆ, ಬಿಸಿಬೇಳೆಬಾತ್‌ಗೆ’. ಸಾಂಬಾರ್ ಪುಡಿ ಪುಟಕ್ಕೆ ಮೆಣಸಿನಪುಡಿಯ ಹೊಗಳಿಕೆ ಹಾಕಬೇಡಿ.

ಮರುಪ್ರಶ್ನೆ: ಇದೆಲ್ಲ ಮಾಡಿದ ಮೇಲೆ ಎ/ಬಿ ಟೆಸ್ಟ್ (ಪುಟದ ಎರಡು ಆವೃತ್ತಿಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ಹೋಲಿಸುವುದು) ಎಷ್ಟು ದಿನ ಓಡಿಸಬೇಕು?

ಉತ್ತರ: ಆರ್ಡರ್ ಲೆಕ್ಕದಲ್ಲಿ ಆಗದ ಕೆಲಸ. ಈಗಿನ 0.75% (4,000 ಭೇಟಿಗೆ 30 ಆರ್ಡರ್) ಅನ್ನು 1%ಗೆ ಏರಿಸಿದ್ದು ಖಾತ್ರಿಯಾಗಬೇಕಾದರೆ ಒಂದೊಂದು ಆವೃತ್ತಿಗೂ ಸುಮಾರು 22,000 ಭೇಟಿ ಬೇಕು. ಎರಡಕ್ಕೂ ಸೇರಿ 44,000, ನಿಮಗೆ 11 ತಿಂಗಳು. ಅದರ ಬದಲು ಕಾರ್ಟ್‌ಗೆ ಹಾಕಿದವರನ್ನು ಎಣಿಸಿ. ಉದಾಹರಣೆಗೆ ಅದು 5%ನಿಂದ 6.5%ಗೆ ಏರಿದ್ದನ್ನು ಹಿಡಿಯಲು ಒಟ್ಟು 7,700ರ ಆಸುಪಾಸು ಸಾಕು, ಎರಡು ತಿಂಗಳ ಕೆಲಸ. ಮೂರನೇ ದಿನವೇ ಅಂಕಿ ನೋಡಿ ನಿಲ್ಲಿಸಿದರೆ ಕಾಕತಾಳೀಯವನ್ನೇ ಗೆಲುವು ಅಂದುಕೊಳ್ಳುತ್ತೀರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಮೊದಲು ಲ್ಯಾಬ್ ವರದಿಯದ್ದು.

ಇನ್ನೊಬ್ಬ ಸದಸ್ಯರ ಸೇರ್ಪಡೆ: ರಿವ್ಯೂ ವಿಜೆಟ್ (ಪುಟದಲ್ಲಿ ರಿವ್ಯೂ ತೋರಿಸುವ ಭಾಗ) ತಡವಾಗಿ ಲೋಡ್ ಆಗಿ ‘ಕೊಳ್ಳಿ’ ಬಟನ್ನನ್ನು ಕೆಳಗೆ ತಳ್ಳುತ್ತಿದೆಯಾ ನೋಡಿ. ಮೊಬೈಲ್‌ನಲ್ಲಿ ಬೆರಳು ಬೇರೆಲ್ಲೋ ಒತ್ತುತ್ತದೆ. ಸಿಎಲ್‌ಎಸ್ (ಪುಟ ಲೋಡ್ ಆಗುವಾಗ ಅದರ ಭಾಗಗಳು ಎಷ್ಟು ಜರುಗುತ್ತವೆ ಎಂಬ ಅಳತೆ) 0.1ರೊಳಗೆ ಇರಬೇಕು, ಅದಕ್ಕೆ ವಿಜೆಟ್‌ನ ಎತ್ತರವನ್ನು ಮೊದಲೇ ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಕೋಡ್) ಕಾಯ್ದಿಡಿ. ಗೂಗಲ್ ಫಲಿತಾಂಶದಲ್ಲಿ ಸ್ಟಾರ್ ಬೇಕಿದ್ದರೆ ಪ್ರಾಡಕ್ಟ್ ಸ್ಕೀಮಾವನ್ನು (ಉತ್ಪನ್ನದ ವಿವರ, ರೇಟಿಂಗ್ ಗೂಗಲ್‌ಗೆ ತಿಳಿಯುವಂತೆ ಹೇಳುವ ಕೋಡ್) ಉತ್ಪನ್ನದ ಪುಟಕ್ಕೆ ಹಾಕಿ. ಕಂಪನಿ ತನ್ನ ಬಗ್ಗೆ ತನ್ನದೇ ಸೈಟ್‌ನಲ್ಲಿ ಹಾಕಿಕೊಂಡ ರೇಟಿಂಗ್‌ಗೆ 2019ರಿಂದ ಗೂಗಲ್ ಸ್ಟಾರ್ ತೋರಿಸುವುದಿಲ್ಲ.