ಕೂಸಿನ ನೆತ್ತಿ ‘ಮುಚ್ಚುವುದೋ’, ‘ಕೂಡುವುದೋ’?

ಎಲ್ಲರಿಗೂ ನಮಸ್ಕಾರ. ಒಂದು ಪದ ಕಾಡ್ತಾ ಇದೆ, ಸ್ವಲ್ಪ ಬಿಡಿಸಿಕೊಡಿ.

ಬಾಣಂತಿಯರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಫಾಂಟನೆಲ್ ಅಂತ ಬಂತು, ಹಸುಗೂಸಿನ ತಲೆ ಮೇಲೆ ಮೆತ್ತಗೆ ಇರುತ್ತಲ್ಲ, ಅದು. ‘ಮೃದು ಜಾಗ ಮುಚ್ಚುತ್ತದೆ’ ಅಂತ ಬರೆದು ಅವ್ವನಿಗೆ ಓದಿ ಹೇಳಿದೆ. ನಮ್ಮದು ಬಾಗಲಕೋಟೆ. ಅವ್ವ ತಂಗಿಯ ಕೂಸಿಗೆ ಗುಳೇದಗುಡ್ಡ ಖಣದ ಕುಂಚಿಗೆ ಕಟ್ಟುತ್ತಾ ಕೂತಿದ್ದಳು. “ಮುಚ್ಚಾಕ ಅದೇನ ಡಬ್ಬಿ ಏನು? ನೆತ್ತಿ ಕೂಡತೈತಿ ಅಂತ ಬರಿ” ಅಂದಳು.

ಆಗ ನಕ್ಕೆ. ಆಮೇಲೆ ನೋಡಿದರೆ ಅವ್ವನ ಮಾತೇ ಸರಿ. ಅಲ್ಲಿ ಯಾವ ಮುಚ್ಚಳವೂ ಬೀಳುವುದಿಲ್ಲ. ಹಣೆ ಕಡೆಯ ಎರಡು ಎಲುಬು, ಅಕ್ಕಪಕ್ಕದ ಎರಡು, ಈ ನಾಲ್ಕೂ ಸೇರಬೇಕಾದ ಕಡೆ ಗಾಳಿಪಟದ ಆಕಾರದ ಸಂದು ಉಳಿದಿರುತ್ತದೆ, ಅದರ ಮೇಲೆ ಗಟ್ಟಿ ಪೊರೆ. ಎಲುಬಿನ ಅಂಚು ಬೆಳೆಯುತ್ತಾ, ಪೊರೆಯೂ ಎಲುಬಾಗುತ್ತಾ ಬಂದು ಕೊನೆಗೆ ಕೂಡುತ್ತದೆ. ಹೆಚ್ಚಿನ ಮಕ್ಕಳಿಗೆ 12ರಿಂದ 18 ತಿಂಗಳೊಳಗೆ, ಕೆಲವರಿಗೆ 24 ಆಗುವುದೂ ಉಂಟು. ಹಿಂದಲೆಯಲ್ಲಿ ಇನ್ನೊಂದಿದೆ, ಮೂರು ಮೂಲೆಯದು, ತೀರಾ ಸಣ್ಣದು. ಅದು 2–3 ತಿಂಗಳಿಗೇ ಕೂಡಿಬಿಡುತ್ತೆ. ಅದಕ್ಕೆ ಅವ್ವನ ಹತ್ತಿರವೂ ಹೆಸರಿಲ್ಲ!

ಕ್ರಿಯಾಪದ ಸಿಕ್ಕಿತು, ಹೆಸರಿನದೇ ತಕರಾರು. ‘ನೆತ್ತಿ’ ದೊಡ್ಡವರಿಗೂ ಇದೆ, ನೀರು ಕುಡಿಯುವಾಗ ನೆತ್ತಿಗೆ ಹತ್ತೋದು ಅದೇ ಅಲ್ವಾ? ತೆಲುಗಿನ ‘ನೆತ್ತಿ’ಯೂ ತಲೆಯ ಮೇಲೇ ಇದೆ, ತಮಿಳಿನ ‘ನೆಟ್ರಿ’ ಮಾತ್ರ ಹಣೆಗೆ ಇಳಿದಿದೆ. ‘ಸುಳಿ’ ಅನ್ನೋಣ ಅಂದರೆ ಅದು ಕೂದಲಿನದು, ಸಾಯೋವರೆಗೂ ಇರುತ್ತೆ. ಚುಚ್ಚುಮದ್ದಿಗೆ ಹೋದಾಗ ಅಲ್ಲಿ ಒಬ್ಬರು “ಸುಳಿ ನೋಡೋಣ” ಅಂದರು, ತಂಗಿ ಪಾಪ ಕೂಸನ್ನು ತಿರುಗಿಸಿ ಹಿಂದಿನ ಕೂದಲ ಸುಳಿ ತೋರಿಸಿದಳು. ‘ಬ್ರಹ್ಮರಂಧ್ರ’ ಯೋಗದವರ ಮಾತು, ಬಾಣಂತಿ ಕೋಣೆಗೆ ಒಗ್ಗಲ್ಲ.

ಬೆಳಗಾವಿಯ ಮರಾಠಿ ಮನೆಗಳಲ್ಲಿ ಇದು ‘ಟಾಳೂ’. ಮಜಾ ಅಂದರೆ ಮರಾಠಿಯಲ್ಲಿ ಬಾಯಿಯ ಅಂಗುಳಕ್ಕೂ ಅದೇ ಪದ. ನಮ್ಮ ವ್ಯಾಕರಣದ ‘ತಾಲವ್ಯ’ ಇದೆಯಲ್ಲ, ಅದರೊಳಗಿನ ‘ತಾಲು’ವೇ ಇದು. ನೆತ್ತಿಗೆ ಎಣ್ಣೆ ಒತ್ತೋದಕ್ಕೆ ಅವರು ‘ಟಾಳೂ ಭರಣೆ’ ಅಂತಾರೆ. ‘ಭರಣೆ’ ಅಂದರೆ ತುಂಬುವುದು. ಹಾಗಾಗಿ ‘ನೆತ್ತಿ ತುಂಬುತ್ತದೆ’ ಅಂತ ಬರೆಯಲು ನನಗೆ ಹಿಂಜರಿಕೆ. ಔಡಲೆಣ್ಣೆ ಜಾಸ್ತಿ ಹಾಕಿದರೆ ಬೇಗ ತುಂಬುತ್ತೆ ಅಂತ ಜನ ಮೊದಲೇ ನಂಬಿದ್ದಾರೆ. ಎಣ್ಣೆಗೂ ಎಲುಬು ಕೂಡುವುದಕ್ಕೂ ಸಂಬಂಧವೇ ಇಲ್ಲ.

ಇನ್ನೂ ಮೂರು ಮಾತು ಬೇಕು. ಅದು ಪಟಪಟ ಮಿಡಿಯುತ್ತೆ (ಫಾಂಟನೆಲ್ ಅಂದರೇ ಫ್ರೆಂಚಿನಲ್ಲಿ ಪುಟ್ಟ ಚಿಲುಮೆ), ನಮ್ಮಲ್ಲಿ ‘ನೆತ್ತಿ ಬಡೀತೈತಿ’ ಅಂತಾರೆ. ವಾಂತಿಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾದರೆ ಒಳಗೆ ಇಳಿಯುತ್ತೆ, ‘ತಗ್ಗು ಬಿದ್ದೈತಿ’ ಅಂತಾರೆ. ಅಳುವಾಗ ಉಬ್ಬಿದರೆ ಪರವಾಗಿಲ್ಲ, ಕೂಸು ಅಳದೆ ಸುಮ್ನಿದ್ದು, ನೆಟ್ಟಗೆ ಎತ್ತಿಕೊಂಡಾಗಲೂ ಉಬ್ಬೇ ಇದ್ದರೆ ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಇದಕ್ಕೆ ‘ಉಬ್ಬು’ ಸಾಕೋ, ಬೇರೆ ಮಾತಿದೆಯೋ?

ವಿಜಯಪುರ, ಗೋಕಾಕ, ಮುಧೋಳದವರು ನಿಮ್ಮ ಮನೆಯಲ್ಲಿ ಏನಂತಾರೆ ಕೇಳಿ ತಿಳಿಸಿ. ಹಿಂದಿನ ಸಣ್ಣದಕ್ಕೆ ಸದ್ಯ ‘ಹಿನ್ನೆತ್ತಿ’ ಅಂತ ಹಾಕಿದ್ದೇನೆ. ಅವ್ವನಿಗೆ ಇನ್ನೂ ಓದಿ ಹೇಳಿಲ್ಲ.