ಏರುಮಡಿ, ಪಾತಿ, ಕಟ್ಟೆ: ತರಕಾರಿಗೆ ಎತ್ತರಿಸಿದ ನೆಲವನ್ನು ನಿಮ್ಮ ಕಡೆ ಏನೆನ್ನುತ್ತಾರೆ?

ಗೆಳೆಯರೇ, ನಮಸ್ಕಾರ.

ಕಲಬುರಗಿಯಲ್ಲಿ ನಮ್ಮ ಮನೆಯ ಹಿತ್ತಲು ಅಪ್ಪಟ ಎರೆಮಣ್ಣು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು, ಮಳೆ ಹಿಡಿದರೆ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಕಳೆದ ಶ್ರಾವಣದಲ್ಲಿ ನಾಲ್ಕು ದಿನ ನೀರು ನಿಂತು ಬದನೆ, ಮೆಣಸಿನ ಸಸಿಗಳ ಬೇರು ಕೊಳೆತುಹೋದವು. ಆದ್ದರಿಂದ ಈ ಸಲ ಮುಂಗಾರಿಗೆ ಮೊದಲೇ ನೆಲವನ್ನು ಒಂದಡಿ ಎತ್ತರಿಸಿ, ನಾಲ್ಕಡಿ ಅಗಲ, ಹತ್ತಡಿ ಉದ್ದದ ಆರು ತುಣುಕುಗಳನ್ನು ಮಾಡಲು ಹೊರಟಿದ್ದೇನೆ. ನಾಲ್ಕಡಿಗಿಂತ ಅಗಲ ಹೆಚ್ಚಾದರೆ ಬದಿಯಲ್ಲಿ ಕುಳಿತವರ ಕೈ ನಡುವಿಗೆ ಮುಟ್ಟುವುದಿಲ್ಲ. ಕಳೆ ಕೀಳಲು ಒಳಗೆ ಕಾಲಿಟ್ಟರೆ ಸಡಿಲ ಮಾಡಿದ ಮಣ್ಣು ಮತ್ತೆ ಗಟ್ಟಿಯಾಗುತ್ತದೆ. ಒಂದೊಂದಕ್ಕೆ 40 ಘನ ಅಡಿ ಮಣ್ಣು, ಗೊಬ್ಬರ ಬೇಕು. ಲೆಕ್ಕವೇನೋ ಕೂಡಿತು. ತೊಡಕಾದದ್ದು ಇದನ್ನು ಇನ್ನೊಬ್ಬರಿಗೆ ಹೇಳುವಾಗ.

ಸೇಡಂ ತಾಲ್ಲೂಕಿನಲ್ಲಿ ತೆಲಂಗಾಣದ ಗಡಿಗೆ ಹತ್ತಿಕೊಂಡ ಹಳ್ಳಿಯ ಹಿರಿಯ ಹೆಣ್ಣುಮಗಳೊಬ್ಬರು ಕೆಲಸಕ್ಕೆ ಬಂದಿದ್ದರು. ಗೂಟ ನೆಟ್ಟು ಹಗ್ಗ ಕಟ್ಟಿ, “ಅವ್ವ, ಇಲ್ಲಿ ಎರಡು ಮಡಿ ಮಾಡಿರಿ” ಎಂದು ಹೇಳಿ ಒಳಗೆ ಹೋದೆ. ಅರ್ಧ ತಾಸಿನ ಮೇಲೆ ಬಂದು ನೋಡಿದರೆ ಅವರು ಸಲಿಕೆಯಿಂದ ನಡುವಿನ ಮಣ್ಣನ್ನೆಲ್ಲ ಹೊರಕ್ಕೆ ಎಳೆದು, ಹಗ್ಗದ ಗುಂಟ ಗೇಣೆತ್ತರದ ಬದು ಕಟ್ಟಿ, ಅದನ್ನು ಒದ್ದೆ ಅಂಗೈಯಿಂದ ತಟ್ಟುತ್ತಿದ್ದರು. ಮೂಲೆಗಳನ್ನು ಎರಡೆರಡು ಸಲ ಒತ್ತಿದ್ದರು, ಹನಿ ನೀರೂ ಆಚೆ ಜಾರದಂತೆ. ನನಗೆ ಬೇಕಾಗಿದ್ದುದಕ್ಕೆ ತೀರ ಎದುರಾದದ್ದು ಅದು. ಆದರೆ ಅವರ ಕೆಲಸದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ತೆಲುಗಿನಲ್ಲಿ ‘ಮಡಿ’ ಎಂದರೆ ಬದು ಕಟ್ಟಿ ನೀರು ನಿಲ್ಲಿಸುವ ಭತ್ತದ ತುಣುಕು. ಕನ್ನಡದಲ್ಲಿಯೂ ಗದ್ದೆಯ ಮಡಿ ಎನ್ನುವಲ್ಲಿ ಅದೇ ಅರ್ಥ. ಕೃಷಿ ಪುಸ್ತಕಗಳಲ್ಲಿ ‘ಸಸಿಮಡಿ’ (ಸಸಿ ಎಬ್ಬಿಸಲು ಎತ್ತರಿಸಿದ ನೆಲ) ಎಂಬುದನ್ನು ಓದಿ ಓದಿ, ಎತ್ತರವು ಆ ಪದದಲ್ಲಿಯೇ ಅಡಗಿದೆ ಎಂದು ನಾನು ನಂಬಿದ್ದೆ. ಈಗ ನನಗೆ ತೋರುವುದು ಹೀಗೆ: ಮಡಿ ಎಂದರೆ ಪಾಲು ಮಾಡಿದ ನೆಲ, ಅಷ್ಟೇ. ಅದು ತಗ್ಗೋ ದಿಬ್ಬವೋ ಎಂಬುದನ್ನು ಬೆಳೆ ಹೇಳುತ್ತದೆ.

ಕೆಲವರು ‘ಎತ್ತರದ ಪಾತಿ’ ಎನ್ನುತ್ತಾರೆ. ನನ್ನ ಕಿವಿಗೆ ಇದು ಒಗ್ಗುವುದಿಲ್ಲ. ತಮಿಳಿನ ‘ಪಾತ್ತಿ’ ಕೈತೋಟದ ಯಾವ ತುಣುಕಿಗೂ ಸಲ್ಲುತ್ತದೆ, ನಮ್ಮಲ್ಲಿಯೂ ಹೂವಿನ ಪಾತಿ ಎನ್ನುವುದುಂಟು. ಆದರೂ ಕನ್ನಡದ ಪಾತಿ ತಗ್ಗಿನ ಕಡೆಗೆ ವಾಲಿದೆ. ತೆಂಗಿನ ಬುಡದ ಪಾತಿ, ಲಿಂಬೆಯ ಬುಡದ ಪಾತಿ, ಸಂಸ್ಕೃತದವರು ಆಲವಾಲ ಎಂದದ್ದು, ಎಲ್ಲವೂ ನೀರು ಹಿಡಿಯುವ ಗುಂಡಿಗಳೇ. 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಿಗೆ ಪಾತಿಯೇ ಸರಿ. ಎತ್ತರಿಸಿದ ಮಣ್ಣು ಆಗ ಬೇಗ ಒಣಗಿ ಪುಂಡಿಪಲ್ಯವೂ ಬಾಡುತ್ತದೆ. ಆಗಸ್ಟ್ ತಿಂಗಳಿಗೆ ಬೇಕಾದದ್ದು ಬೇರೆ. ಒಂದೇ ಹಿತ್ತಲಿಗೆ ಎರಡು ಕಾಲಕ್ಕೆ ಎರಡು ಪದಗಳು ಬೇಕಿರುವಾಗ ಎರಡಕ್ಕೂ ಪಾತಿ ಎಂದರೆ, ಸಲಿಕೆ ಹಿಡಿದವರು ಮಣ್ಣನ್ನು ಯಾವ ಕಡೆಗೆ ಎಳೆಯಬೇಕು?

‘ಬೋದು’, ಅಂದರೆ ಸಾಲಿನುದ್ದಕ್ಕೂ ಏರಿಸಿದ ಮಣ್ಣಿನ ದಿಂಡು, ಒಂಟಿ ಸಾಲಿನ ಗಿಡಕ್ಕೆ ಸರಿ. ಮೆಂತೆ ಚೆಲ್ಲುವಷ್ಟು ಅಗಲ ಅದಕ್ಕಿಲ್ಲ.

ಈಚೆಗೆ ಮೊಬೈಲಿನಲ್ಲಿ, ಇಂಗ್ಲಿಷಿನ ‘ರೈಸ್ಡ್ ಬೆಡ್’ ಎಂಬುದಕ್ಕೆ ‘ಎತ್ತರಿಸಿದ ಹಾಸಿಗೆ’ ಎಂಬುದು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತಿದೆ. ಇದನ್ನು ನಾನು ಒಪ್ಪಲಾರೆ, ಆದರೆ ಮಲಗುವ ವಸ್ತುವಿನ ಹೆಸರು ಎಂಬ ಕಾರಣಕ್ಕಲ್ಲ. ಬೀದರಿನ ಔರಾದ, ಭಾಲ್ಕಿಯಲ್ಲಿ ಮರಾಠಿ ಆಡುವ ರೈತರನ್ನು ಕೇಳಿ ನೋಡಿ, ಇದಕ್ಕೆ ‘ಗಾದಿ ವಾಫಾ’ ಎನ್ನುತ್ತಾರೆ. ವಾಫಾ ಎಂದರೆ ಮಡಿ, ಗಾದಿ ನಮ್ಮ ಗಾದಿಯೇ. ಅರಳೆ ತುಂಬಿ ಉಬ್ಬಿದ ಗಾದಿಗೂ ಗೊಬ್ಬರ ತುಂಬಿ ಉಬ್ಬಿದ ಮಣ್ಣಿಗೂ ಹೋಲಿಕೆ ಎಷ್ಟು ಚೆನ್ನಾಗಿ ಕೂಡಿದೆ! ಹಾಸಿಗೆಯಾದರೋ ಹಾಸುವುದರಿಂದ ಬಂದ ಪದ. ಚಾಪೆ ಹಾಸಿದರೂ ಹಾಸಿಗೆಯೇ. ಅದರಲ್ಲಿ ದಪ್ಪವಿಲ್ಲ.

ಹೀಗಾಗಿ ‘ಏರುಮಡಿ’ಯೇ ನನಗೆ ಮೆಚ್ಚುಗೆಯಾಗಿದೆ. ಏರುದನಿ, ಏರುಜವ್ವನಗಳ ಸಾಲಿಗೆ ಸಲೀಸಾಗಿ ಸೇರುತ್ತದೆ, ಕೃಷಿ ಕೈಪಿಡಿಗಳಲ್ಲಿ ಬಳಕೆಯೂ ಇದೆ. ಒಂದು ಅಳುಕು ಮಾತ್ರ ಉಳಿದಿದೆ. ಏರು ಎಂದರೆ ಎತ್ತು ಹೂಡಿದ ನೇಗಿಲು ಎಂಬ ಅರ್ಥವೂ ಉಂಟಲ್ಲ. ಆ ಅರ್ಥ ಇನ್ನೂ ಬಾಯಲ್ಲಿರುವ ಊರುಗಳಲ್ಲಿ ಏರುಮಡಿ ಎಂದರೆ ಉತ್ತ ಮಡಿ ಎಂದು ತಿಳಿಯುತ್ತಾರೆಯೇ?

ಇನ್ನೊಂದು ವಿಷಯ. ಮಳೆಗೆ ಮಣ್ಣು ಕುಸಿಯದಂತೆ ನಾನು ಸುತ್ತಲೂ ಶಹಾಬಾದಿನ ಫರಸಿಯನ್ನು, ಅಂದರೆ ಕಲ್ಲಿನ ಚಪ್ಪಡಿಯನ್ನು, ನೆಟ್ಟಗೆ ನಿಲ್ಲಿಸುವವನಿದ್ದೇನೆ. ಇಲ್ಲಿ ಹಲಗೆಗಿಂತ ಅದೇ ಅಗ್ಗ, ಗೆದ್ದಲಿನ ಕಾಟವೂ ಇಲ್ಲ. ಹಾಗೆ ನಾಲ್ಕು ಕಡೆ ಕಲ್ಲಿಟ್ಟು ಮಣ್ಣು ತುಂಬಿದ್ದು ಮಡಿಯೇ, ಕಟ್ಟೆಯೇ? ಬೇವಿನ ಕಟ್ಟೆ, ತುಳಸಿಕಟ್ಟೆ ನಮಗೆಲ್ಲ ಗೊತ್ತು. ತುಳಸಿಕಟ್ಟೆಯಂತೂ ಒಂದೇ ಗಿಡದ ಏರುಮಡಿ. ‘ಕಟ್ಟೆಮಡಿ’ ಎನ್ನಬಹುದೇ ಎಂದು ಯೋಚಿಸುತ್ತಿದ್ದೇನೆ, ಆದರೆ ನಾನೇ ಹೊಸೆದ ಪದಕ್ಕಿಂತ ಯಾರದಾದರೂ ಬಾಯಲ್ಲಿ ಬದುಕಿರುವ ಪದ ಸಿಕ್ಕರೆ ಅದನ್ನೇ ಬಳಸುತ್ತೇನೆ.

ಎರಡು ಏರುಮಡಿಗಳ ನಡುವೆ ಬಿಡುವ ಒಂದೂವರೆ ಅಡಿಯ ಜಾಗಕ್ಕೂ ಹೆಸರು ಬೇಕಾಗಿದೆ. ನಡೆದಾಡುವಾಗ ಅದು ದಾರಿ, ಮಳೆ ಬಂದಾಗ ಬಸಿಗಾಲುವೆ. ಯಾದಗಿರಿಯ ಗುರುಮಠಕಲ್ ಕಡೆಯವರು, ಬೀದರಿನವರು, ಮಲೆನಾಡಿನವರು ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಅವರು ಪದ ಹೇಳಿದಾಗ, ಅಲ್ಲಿ ನೀರು ನಿಲ್ಲಬೇಕೋ ಹರಿದುಹೋಗಬೇಕೋ ಎಂಬುದನ್ನೂ ದಯವಿಟ್ಟು ಕೇಳಿಕೊಳ್ಳಿರಿ.