ಸಹಾಯ ಬೇಕು: ಅಪ್ಪನ 1961ರ ಜೇಮ್ಸ್ ಬಾಂಡ್ ಪುಸ್ತಕದ ಜಾಕೆಟ್ ಉಳಿಸಬೇಕು

ಎಲ್ಲರಿಗೂ ನಮಸ್ಕಾರ. ಅಪ್ಪ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ಹುಡುಕಿ ಗೂಢಚಾರಿ ಕಾದಂಬರಿಗಳನ್ನು ಕೂಡಿಟ್ಟಿದ್ದರು. ಅವರು ಹೋದ ಮೇಲೆ ಬಸವನಗುಡಿ ಮನೆಯ ಅಟ್ಟ ಖಾಲಿ ಮಾಡುವಾಗ ಇಯಾನ್ ಫ್ಲೆಮಿಂಗ್ ಅವರ 'ಥಂಡರ್‌ಬಾಲ್' ಸಿಕ್ಕಿತು. ಜೊನಾಥನ್ ಕೇಪ್ ಪ್ರಕಾಶನ, 1961. ರಟ್ಟಿನ ಮೇಲೆ ಅಸ್ಥಿಪಂಜರದ ಕೈ ಒತ್ತಿದ್ದಾರೆ. ಒಳಗೆ ಮರುಮುದ್ರಣದ ಸಾಲಿಲ್ಲ. ಮೊದಲ ಮುದ್ರಣವೇ ಇರಬೇಕು ಅನ್ನಿಸುತ್ತದೆ.

ತೊಂದರೆ ಇರುವುದು ಜಾಕೆಟ್‌ನಲ್ಲಿ, ಅಂದರೆ ರಟ್ಟಿನ ಮೇಲೆ ಹಾಕುವ ಕಾಗದದ ಹೊದಿಕೆಯಲ್ಲಿ. ರಿಚರ್ಡ್ ಚಾಪಿಂಗ್ ಬರೆದ ಆ ಚಿತ್ರ ಎಷ್ಟು ಚೆನ್ನಾಗಿದೆ! ಆದರೆ ಬೆನ್ನಿನ ಹತ್ತಿರ ಯಾರೋ ಸೆಲ್ಲೋಟೇಪ್ ಅಂಟಿಸಿದ್ದಾರೆ. ಅದು ಹಳದಿಯಾಗಿ ಕಾಗದವನ್ನೇ ಕಚ್ಚಿಕೊಂಡಿದೆ. ಬೆಲೆ ಇದ್ದ ಮೂಲೆಯನ್ನೂ ಕತ್ತರಿಸಿದ್ದಾರೆ. ಹಾಗಾದರೆ ಜಾಕೆಟ್ ಬೇರೆ ಮುದ್ರಣದ್ದೂ ಆಗಿರಬಹುದು ಅಲ್ವಾ? ಬೆಲೆ ಇಲ್ಲದೆ ಗುರುತು ಹಿಡಿಯುವುದು ಹೇಗೆ, ತಿಳಿದವರು ಹೇಳಿ.

ಟೇಪ್ ನಾನೇ ಕೀಳಲು ಧೈರ್ಯವಿಲ್ಲ, ಬಣ್ಣವೂ ಜೊತೆಗೆ ಎದ್ದು ಬರುತ್ತದೆ. ಬೆಂಗಳೂರಿನಲ್ಲಿ ಹಳೇ ಕಾಗದ ರಿಪೇರಿ ಮಾಡುವ ನುರಿತವರು ಯಾರಾದರೂ ಗೊತ್ತಾ? ಆಸಿಡ್ ಇಲ್ಲದ ಪಾರದರ್ಶಕ ಹೊದಿಕೆ ಎಲ್ಲಿ ಸಿಗುತ್ತದೆ? ಮಳೆಗಾಲದ ತೇವ ಬೇರೆ, ಜಾಸ್ತಿ ದಿನ ಹೀಗೇ ಇಡಲು ಭಯ.

ಮಾರುವುದಿಲ್ಲ, ದಯವಿಟ್ಟು ಬೆಲೆ ಕೇಳಬೇಡಿ. ಮೊದಲ ಪುಟದಲ್ಲಿ ಅಪ್ಪನ ಸಹಿ ಇದೆ.